ನಲವತ್ತೊಂದು ಸಲ

ಮಾರ್ಚ್ ೯

ಅಕ್ಕಾ,

ಈ ಬೆಳಿಗ್ಗೆ ಅಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬೈತಲೆ ಸೊಟ್ಟಗೆ ಬಂದಿತ್ತು. ಕನ್ನಡಿಯಲ್ಲಿ ನನ್ನನ್ನು ಕಂಡವಳೇ ಬಾಚಣಿಗೆಯನ್ನು ಬಲಗೈಗೆ ಬದಲಾಯಿಸಿದಳು, ಒಂದೇ ಒಂದು ಸಲ ಎಳೆದಳು, ತುಟಿ ಕಚ್ಚಿಕೊಂಡಳು. "ಏನೇ ಹಾಗೆ ನೋಡ್ತೀಯ, ಸಿನಿಮಾ ನಡೀತಿದೆಯಾ ಇಲ್ಲಿ?" ಎಂದಳು. ನಾನು ಬಾಗಿಲಿನಿಂದ ಸರಿದುಕೊಂಡೆ.

ಫೋನು ಮಾಡೇ ಎನ್ನುತ್ತೀಯ. ಫೋನಿನಲ್ಲಿ ನಾನು ಬರೀ ಹೂಂ, ಉಹೂಂ ಆಗಿಬಿಡುತ್ತೇನೆ. ಮೇಲಾಗಿ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಅದಕ್ಕೇ ಗ್ರಂಥಾಲಯದಿಂದ ಬರೆಯುತ್ತಿದ್ದೇನೆ. ಸಾಹಿತ್ಯದಲ್ಲಿ ಪದವಿ ಮಾಡಿ ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವವಳಿಗೆ ಕಾಗದಕ್ಕೂ ಬರವಿಲ್ಲ, ಸಮಯಕ್ಕೂ ಬರವಿಲ್ಲ.

ಬೀಗದ ಕಾರ್ಖಾನೆಯ ಪರೀಕ್ಷೆ ಮೇಜನ್ನು ನೀನು ನೋಡಿದ್ದು ಚಿಕ್ಕವಳಿದ್ದಾಗ. ಅಲ್ಲಿ ಏನೂ ಬದಲಾಗಿಲ್ಲ. ಆರು ಜನ ಹೆಂಗಸರು, ಆರು ಸ್ಟೂಲು. ಪ್ರತಿ ಬೀಗಕ್ಕೆ ಎರಡು ಕೀಲಿಕೈ. ಒಂದೊಂದು ಕೀಲಿಕೈಯಲ್ಲೂ ಮೂರು ಸಲ ತೆಗೆಯಬೇಕು, ಮೂರು ಸಲ ಹಾಕಬೇಕು. ಭುಜ ಏಳಬಾರದು, ಮೊಣಕೈ ಮೇಜು ಬಿಡಬಾರದು, ಮುಂಗೈ ಒಂದೇ ತಿರುಗಬೇಕು. ಹಾಗಾದರೆ ಮಾತ್ರ ಒಳಗಿನ ತೊಡಕು ಬೆರಳಿಗೆ ತಿಳಿಯುತ್ತದಂತೆ. ದಿನಕ್ಕೆ ಮುನ್ನೂರು ಬೀಗ. ಅಮ್ಮನಿಗೆ ಆ ಮೇಜಿನಲ್ಲಿ ಇಪ್ಪತ್ತೆರಡು ವರ್ಷವಾಯಿತು.

ನೋವು ಮೊಣಕೈಯ ಹೊರಗಡೆ. ಎಲುಬು ಉಬ್ಬಿದ ಜಾಗದಿಂದ ಎರಡು ಬೆರಳು ಕೆಳಗೆ. ಅಲ್ಲಿಂದ ಮಣಿಕಟ್ಟಿನವರೆಗೂ ಹಿಂಡುತ್ತದೆ ಎನ್ನುತ್ತಾಳೆ. ಮೇಜಿನ ಆರೂ ಜನರಿಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನೋವು. ಎಲ್ಲರೂ ಸೇರಿ ಕಾರ್ಖಾನೆಗೆ ಅರ್ಜಿ ಕೊಟ್ಟಿದ್ದಾರೆ: ಎರಡೆರಡು ಗಂಟೆಗೊಮ್ಮೆ ಬೇರೆ ಮೇಜಿಗೆ ಹಾಕಿ, ಇಲ್ಲವೇ ಕೀಲಿ ತಿರುಗಿಸುವುದಕ್ಕೆ ಒಂದು ಯಂತ್ರ ತನ್ನಿ ಎಂದು. ಕಾರ್ಖಾನೆಯವರು ತಪಾಸಣೆ ಮಾಡಿಸಿ ಹೇಳುತ್ತೇವೆ ಎಂದಿದ್ದಾರೆ.

ನನಗೆ ಅರ್ಥವಾಗದ ಒಂದು ಮಾತು. ಕೀಲಿಯನ್ನು ಬಿಗಿಯಾಗಿ ಹಿಡಿಯುವುದು ಅಂಗೈ. ಹಾಗಿದ್ದರೆ ಮುಂಗೈಯ ಹೊರಬದಿ ಯಾಕೆ ನೋಯಬೇಕು? ನೀನು ಕೈಕಾಲುಗಳ ವಿದ್ಯೆ ಓದಿದವಳು. ಹೇಳು.

ನಿನ್ನ
ಗುಬ್ಬಿ


ಮಾರ್ಚ್ ೧೭

ಗುಬ್ಬೀ,

ನಿನ್ನ ಪ್ರಶ್ನೆಯನ್ನು ನಮ್ಮ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಬಾಯಿಪಾಠ ಮಾಡಿ ಪಾಸಾದೆ.

ಈಗ ಒಂದು ಕೆಲಸ ಮಾಡು. ಬಲಗೈಯನ್ನು ಮೇಜಿನ ಮೇಲೆ ಚಾಚು, ಅಂಗೈ ಮೇಲಿರಲಿ. ಎಡಗೈಯಿಂದ ಮುಂಗೈಯನ್ನು ಮೆತ್ತಗೆ ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಆಡಿಸು. ಚರ್ಮದ ಕೆಳಗೆ ಇಲಿ ಓಡಾಡಿದ ಹಾಗಾಯಿತಲ್ಲ? ಬೆರಳುಗಳ ಒಳಗೆ ಒಂದೇ ಒಂದು ಸ್ನಾಯುವೂ ಇಲ್ಲ ಕಣೇ. ಅವನ್ನು ಜೋರಾಗಿ ಮಡಿಸುವವರು, ಬಿಡಿಸುವವರು ಎಲ್ಲರೂ ಇಲ್ಲಿ, ಮುಂಗೈಯಲ್ಲಿ ಕೂತಿದ್ದಾರೆ. ಇಲ್ಲಿಂದ ಉದ್ದನೆಯ ರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಬೊಂಬೆ ಆಡಿಸುವವನು ಪರದೆಯ ಹಿಂದೆ ಇದ್ದ ಹಾಗೆ.

ಒಟ್ಟು ಇಪ್ಪತ್ತು ಸ್ನಾಯು. ಒಳಬದಿಯ ಎಂಟರಲ್ಲಿ ಹೆಚ್ಚಿನವು ಮಡಿಸುತ್ತವೆ, ಹಿಡಿಯುತ್ತವೆ. ಹೊರಬದಿಯವು ಬಿಡಿಸುತ್ತವೆ, ಕೈಯನ್ನು ಹಿಂದಕ್ಕೆ ಎತ್ತುತ್ತವೆ. ಇನ್ನು ತಿರುಗಿಸುವುದು. ಮುಂಗೈಯಲ್ಲಿ ಎರಡು ಎಲುಬು. ಕಿರುಬೆರಳ ಕಡೆಯದು ಅಲುಗದೆ ಕೂತಿರುತ್ತದೆ. ಹೆಬ್ಬೆರಳ ಕಡೆಯದು ಅದರ ಮೇಲೆ ಹೊರಳುತ್ತದೆ. ಅಂಗೈ ಕೆಳಗೆ ಮಾಡಿದಾಗ ಎರಡೂ ಕತ್ತರಿಯ ಹಾಗೆ ಅಡ್ಡಡ್ಡ, ಮೇಲೆ ಮಾಡಿದಾಗ ಮತ್ತೆ ಜೊತೆಜೊತೆ. ಕೀಲಿ ತಿರುಗಿಸುವುದೆಂದರೆ ಇಷ್ಟೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸು, ಆಮೇಲೆ ಮುಷ್ಟಿ ಬಿಗಿ ಮಾಡು ನೋಡೋಣ. ಆಗುವುದಿಲ್ಲ. ಹಿಡಿಯುವ ಸ್ನಾಯುಗಳು ಬೆರಳಿನ ಜೊತೆ ಮಣಿಕಟ್ಟನ್ನೂ ಒಳಕ್ಕೆ ಎಳೆಯುತ್ತವೆ. ಅದು ಬಾಗಿಬಿಟ್ಟರೆ ಹಿಡಿತ ಸಡಿಲ. ಹಾಗಾಗದಂತೆ ಹೊರಬದಿಯವು ಹಿಂದಿನಿಂದ ಬಿಗಿದು ಹಿಡಿದುಕೊಂಡಿರುತ್ತವೆ. ಅವು ಕೆಲಸ ಮಾಡುತ್ತಿವೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ. ಅವುಗಳಲ್ಲಿ ಬಹಳಷ್ಟು ಮೊಣಕೈಯ ಹೊರಗಿನ ಒಂದೇ ಗುಬಟಿಗೆ ಅಂಟಿಕೊಂಡಿವೆ. ಅಂಗಿಯ ಗುಂಡಿಯಷ್ಟು ಜಾಗ. ದಿನಕ್ಕೆ ಮೂರು ಸಾವಿರದ ಆರುನೂರು ಸಲ, ಇಪ್ಪತ್ತೆರಡು ವರ್ಷ, ಆ ಗುಂಡಿಯಷ್ಟು ಜಾಗವನ್ನು ಎಳೆದರೆ ಹರಿಯದೆ ಇನ್ನೇನಾಗುತ್ತದೆ? ಇದು ಆ ಮೇಜಿನದೇ ಕೆಲಸ. ಅನುಮಾನವೇ ಬೇಡ.

ಅಮ್ಮನ ಮೊಣಕೈ ನೇರ ಮಾಡಿಸಿ, ನಡುಬೆರಳನ್ನು ಮೇಲೆತ್ತಲು ಹೇಳಿ, ನೀನು ಮೇಲಿನಿಂದ ಒತ್ತು. ಹೊರಗಡೆ ನೋವಾದರೆ ಬರೆ. ಮನೆಯಲ್ಲಿ ಆ ಕೈ ಏನೇನು ಮಾಡುತ್ತದೆ ಎಂದು ಒಂದು ವಾರ ನೋಡಿ ಅದನ್ನೂ ಬರೆ. ನಿನ್ನ ಹಾಗೆ ನೋಡುವವರು ನಮ್ಮ ಕಚೇರಿಯಲ್ಲಿ ಯಾರೂ ಇಲ್ಲ. ಏನನ್ನೂ ಬಿಡಬೇಡ.

ಅಕ್ಕ


ಮಾರ್ಚ್ ೩೦

ಅಕ್ಕಾ,

ನಿನ್ನ ಪತ್ರ ಓದಿದ ದಿನದಿಂದ ಬಸ್ಸಿನಲ್ಲಿ ಕಂಬಿ ಹಿಡಿದವರ ಮುಖ ನೋಡುವುದು ಬಿಟ್ಟು ಮುಂಗೈ ನೋಡುತ್ತಿದ್ದೇನೆ. ಟಿಕೆಟ್ ಕೊಡುವವನು ಗಲಿಬಿಲಿಗೊಂಡು ತೋಳು ಮುಚ್ಚಿಕೊಂಡ.

ಪರೀಕ್ಷೆ ಮಾಡಿದೆ. "ಬೆರಳೆತ್ತು ಅಂತೀಯ, ಹಾಜರಿ ತಗೊಳ್ತೀಯೇನೆ?" ಎಂದು ಅಮ್ಮ ನಕ್ಕಳು. ನಾನು ಒತ್ತಿದ ಕೂಡಲೇ ನಗು ನಿಂತಿತು. "ಬಿಡೇ, ಬಿಡೇ" ಎಂದವಳು ಎಡಗೈಯಿಂದ ನೀನು ಹೇಳಿದ ಅದೇ ಗುಂಡಿಯಷ್ಟು ಜಾಗವನ್ನು ಮುಚ್ಚಿಕೊಂಡಳು. ಆಮೇಲೆ ಸಮಾಧಾನಕ್ಕೆ ನಿನ್ನ ಇಪ್ಪತ್ತು ಸ್ನಾಯುಗಳ ಕಥೆ ಹೇಳಿದೆ. "ಇಪ್ಪತ್ತು ಜನ ಇದಾರಾ ಒಳಗೆ? ಸಂಬಳ ಮಾತ್ರ ಒಬ್ಬಳಿಗೇ ಬರುತ್ತಲ್ಲೇ" ಎಂದಳು.

ಮನೆಯಲ್ಲಿ ಕಂಡದ್ದು: ಬಾಟಲಿಯ ಮುಚ್ಚಳ ತೆಗೆಯಲು ನನ್ನನ್ನು ಕರೆಯುತ್ತಾಳೆ. ಒದ್ದೆ ಬಟ್ಟೆಯನ್ನು ಹಿಂಡುವುದು ನಾನೇ. ತುಂಬಿದ ಲೋಟವನ್ನು ಎರಡು ಕೈಯಲ್ಲಿ ಎತ್ತುತ್ತಾಳೆ, ನಾನು ನೋಡುತ್ತಿಲ್ಲ ಎಂದುಕೊಂಡಾಗ.

ಇನ್ನೊಂದು ಇದೆ. ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಸಂಜೆ ಟೀವಿಯ ಮುಂದೆ ಸುಮ್ಮನೆ ಕೂತಾಗ ಅಮ್ಮನ ಬಲಗೈ ತಿರುಗುತ್ತಲೇ ಇರುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಕೊಂಡು, ಏನನ್ನೂ ಹಿಡಿಯದೆ, ಮೂರು ಸಲ ಆ ಕಡೆ, ಮೂರು ಸಲ ಈ ಕಡೆ. ಅರ್ಧ ಗಂಟೆಯ ವಾರ್ತೆ ಮುಗಿಯುವುದರೊಳಗೆ ನಲವತ್ತೊಂದು ಸಲ ಎಣಿಸಿದೆ. ಅವಳಿಗೆ ಅದು ಗೊತ್ತೇ ಇಲ್ಲ. ಮೇಜಿನ ಬೇರೆ ಹೆಂಗಸರೂ ಹೀಗೇ ಮಾಡುತ್ತಾರೆ, ಬಸ್‌ಸ್ಟಾಪಿನಲ್ಲಿ ನಿಂತಾಗ ಕಂಡಿದ್ದೇನೆ. ಕಾರ್ಖಾನೆ ಬಿಟ್ಟು ಅಮ್ಮ ಮನೆಗೆ ಬರುತ್ತಾಳೆ, ಅವಳ ಕೈ ಇನ್ನೂ ಬಂದಿರುವುದಿಲ್ಲ.

ಇದನ್ನು ಅವಳಿಗೆ ಹೇಳಬೇಡ. ನಾಚಿಕೊಳ್ಳುತ್ತಾಳೆ.

ನಿನ್ನ
ಗುಬ್ಬಿ


ಏಪ್ರಿಲ್ ೨೦

ಗುಬ್ಬೀ,

ತಡವಾಯಿತು. ಇಲ್ಲಿ ಕೆಲಸದ ರಾಶಿ. ಕಾರ್ಖಾನೆಗಳಿಗೆಲ್ಲ ಆರೋಗ್ಯ ವರದಿ ಬರೆದುಕೊಡುವುದು ನಮ್ಮ ಕಚೇರಿಯೊಂದೇ ಆದ್ದರಿಂದ ಎಲ್ಲ ಕಡೆಯ ಕಡತಗಳೂ ಇಲ್ಲಿಗೇ ಬರುತ್ತವೆ. ಜೂನ್ ಹೊತ್ತಿಗೆ ನನ್ನನ್ನು ಕಾಯಂ ಮಾಡಬಹುದು. ಮಾಡದಿದ್ದರೆ ಮತ್ತೆ ಬಾಗಿಲು ತಟ್ಟುತ್ತಾ ಓಡಾಡಬೇಕು.

ನಿನ್ನ ಟಿಪ್ಪಣಿ ತುಂಬಾ ಉಪಯೋಗಕ್ಕೆ ಬಂತು. ಅಮ್ಮ ಈಗಲೂ ಸ್ವೆಟರ್ ಹೆಣೆಯುತ್ತಾಳಾ? ದಿನಕ್ಕೆ ಎಷ್ಟು ಹೊತ್ತು? ಎರಡು ಸಾಲು ಬರೆದು ಕಳಿಸು.

ಅಕ್ಕ


ಜೂನ್ ೪

ಅಕ್ಕಾ,

ನಿನ್ನೆ ಅಮ್ಮ ಕಾರ್ಖಾನೆಯಿಂದ ಒಂದು ಲಕೋಟೆ ತಂದಳು. ಆರೂ ಜನರಿಗೆ ಒಂದೊಂದು ಕೊಟ್ಟಿದ್ದಾರೆ. ಮೇಜಿನಲ್ಲಿ ಅಮ್ಮನ ಪಕ್ಕ ಕೂರುವ ಕನ್ನಡಕದ ಅತ್ತೆಯೂ ಜೊತೆಗೆ ಬಂದಿದ್ದರು. "ಆಫೀಸಿನ ಭಾಷೆ ನಮಗೆ ಹತ್ತಲ್ಲ. ನೀನು ಜೋರಾಗಿ ಓದಮ್ಮ, ಇವತ್ತೊಂದಿನ ಗಂಟಲು ಬಿಡು" ಎಂದರು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಓದಿದೆ.

ಮೇಲೆ ನಿಮ್ಮ ಕಚೇರಿಯ ಹೆಸರು. ಕೆಳಗೆ ಯಾರೋ ಹಿರಿಯರ ಸಹಿ. ಇಬ್ಬರು ಬಂದು ಎರಡು ಗಂಟೆಯಲ್ಲಿ ಆರು ಜನರ ಕೈ ನೋಡಿ ಹೋಗಿದ್ದರಂತೆ, ಅದರ ವರದಿ. ಅಮ್ಮನಿಗೆ ಹೆಸರಿಲ್ಲ. ಅವಳು ನಾಲ್ಕನೆಯ ಕೆಲಸಗಾರ್ತಿ.

ಓದುತ್ತಾ ಹೋದೆ. "ನಾಲ್ಕನೆಯ ಕೆಲಸಗಾರ್ತಿಗೆ ಮನೆಯಲ್ಲಿ ಬಿಡುವಿನ ವೇಳೆಯಲ್ಲೂ ಬಲಗೈಯನ್ನು ತಿರುಗಿಸುತ್ತಲೇ ಇರುವ ಸ್ವಂತ ಅಭ್ಯಾಸವಿದೆ. ಮನೆಯವರ ಅವಲೋಕನದ ಪ್ರಕಾರ ಅರ್ಧ ಗಂಟೆಯಲ್ಲಿ ನಲವತ್ತೊಂದು ಸಲ."

ಅಲ್ಲಿಗೆ ನಿಂತೆ. "ಯಾಕೇ, ಅಕ್ಷರ ಅಳಿಸಿಹೋಗಿದೆಯಾ?" ಎಂದಳು ಅಮ್ಮ. ಇಲ್ಲ ಎಂದೆ. ಮುಂದೆ ಓದಿದೆ. "ಹೆಣಿಗೆಯ ಹವ್ಯಾಸವೂ ಇದೆ. ನೋವಿಗೆ ಇವೇ ಕಾರಣಗಳಾಗಿರುವ ಸಾಧ್ಯತೆ ಹೆಚ್ಚು. ಇದೇ ಬಗೆಯ ಅಭ್ಯಾಸ ಉಳಿದವರಲ್ಲೂ ಇರಬಹುದು. ಮೇಜಿನ ಕೆಲಸಕ್ಕೂ ನೋವಿಗೂ ಸಂಬಂಧ ಕಂಡುಬರುವುದಿಲ್ಲ." ಕೊನೆಗೆ, ಕಾರ್ಖಾನೆಯವರ ಆದೇಶ: ಆರೂ ಜನ ಮೇಜಿಗೆ ಅನರ್ಹರು, ಜುಲೈ ಒಂದರಿಂದ ಬರಬೇಕಾಗಿಲ್ಲ.

ಕನ್ನಡಕದ ಅತ್ತೆ "ಇನ್ನೊಂದು ಸಲ ಓದು" ಎಂದರು. ಇನ್ನೊಂದು ಸಲ ಓದಿದೆ. ನಾನು ಬರೆದದ್ದನ್ನು ನಾನೇ, ಎರಡು ಸಲ, ನಮ್ಮ ಅಡುಗೆಮನೆಯಲ್ಲಿ, ಅಮ್ಮನ ಎದುರಿಗೆ.

ನಲವತ್ತೊಂದು ಎಂದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಹೆಣಿಗೆ ಎಷ್ಟು ಹೊತ್ತು ಎಂದು ನೀನು ಕೇಳಿದ್ದೆ. ವರ್ಷಕ್ಕೊಂದು ಸ್ವೆಟರ್, ರಜೆಯ ದಿನ ಮಾತ್ರ, ಅದೂ ನಿನಗೆ ಎಂದು ನಾನು ಬರೆದಿದ್ದೆ. ಅದರಲ್ಲಿ ಹೆಣಿಗೆಯನ್ನು ಇಟ್ಟುಕೊಂಡು ರಜೆಯ ದಿನವನ್ನೂ ನಿನ್ನನ್ನೂ ಬಿಟ್ಟಿದ್ದೀಯ. ಕೈ ಇನ್ನೂ ಕಾರ್ಖಾನೆಯಿಂದ ಬಂದಿರುವುದಿಲ್ಲ ಎಂದೂ ಬರೆದಿದ್ದೆ. ಅದು ಎಲ್ಲಿ ಹೋಯಿತು?

ಏನನ್ನೂ ಬಿಡಬೇಡ ಎಂದವಳು ನೀನು. ನಾನು ಬಿಡಲಿಲ್ಲ.

ಬೇರೆ ಯಾರೋ ನಿನ್ನ ಮೇಜಿನಿಂದ ನನ್ನ ಪತ್ರ ಕದ್ದಿದ್ದರೆ ದಯವಿಟ್ಟು ಹಾಗೆಂದು ಬರೆ. ನಾನು ನಂಬುತ್ತೇನೆ.

ಗುಬ್ಬಿ


ಜೂನ್ ೭

ಅಕ್ಕಾ, ಇದು ಅಮ್ಮ ಹೇಳಿ ಬರೆಸುತ್ತಿರುವುದು. ಅವಳಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. ಒಂದಕ್ಷರವೂ ಬದಲಾಯಿಸಬಾರದೆಂದು ಅಪ್ಪಣೆಯಾಗಿದೆ.

ಮಗಳೇ, ಹೇಗಿದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದೀಯ ತಾನೆ? ಇಲ್ಲಿ ನಮ್ಮದೊಂದು ದೊಡ್ಡ ರಾಮಾಯಣ ಆಗಿದೆ. ಯಾವನೋ ಪುಣ್ಯಾತ್ಮ ನಮ್ಮ ಕೈ ಮೇಲೆ ವರದಿ ಬರೆದು ಕಳಿಸಿದಾನೆ. ನಾನು ಮನೇಲಿ ಕೂತು ಕೈ ತಿರುಗಿಸ್ತೀನಂತೆ, ಅದಕ್ಕೇ ನೋವಂತೆ! ನಲವತ್ತೊಂದು ಸಲ ಅಂತೆ! ನಮ್ಮ ಕಿಟಕಿ ಹತ್ರ ನಿಂತು ಎಣಿಸಿದ್ನಾ? ಮನೆಯವರ ಅವಲೋಕನ ಅಂತೆ. ಯಾವ ಮನೆಯವರು? ನಾನು, ಗುಬ್ಬಿ, ನಾಲ್ಕು ಗೋಡೆ. ಗೋಡೆ ಹೋಗಿ ಸಾಕ್ಷಿ ಹೇಳ್ತಾ?

ನಿಮ್ಮ ಕಚೇರಿ ಹೆಸರೇ ಇದೆ ಅಂತ ಗುಬ್ಬಿ ಹೇಳಿದ್ಲು. ನಿನಗೆ ಗೊತ್ತಿಲ್ಲದೆ ಯಾರೋ ಬರೆದಿರಬೇಕು, ಗೊತ್ತಿದ್ದಿದ್ರೆ ನೀನು ಬಿಡ್ತಿದ್ಯಾ? ಅವನ್ಯಾರು ಅಂತ ಹುಡುಕು. ಹುಡುಕಿ, ನಮ್ಮಮ್ಮನ ಕೈ ನೋಡು ಬಾ ಅಂತ ಕರ್ಕೊಂಡು ಬಾ, ಒಂದು ದಿನ ಆ ಸ್ಟೂಲ್ ಮೇಲೆ ಕೂರಿಸ್ತೀನಿ.

ಇಪ್ಪತ್ತಾರನೇ ತಾರೀಕು ಗುರುವಾರ ಹತ್ತು ಗಂಟೆಗೆ ಕಾರ್ಖಾನೆಯ ಸಮಿತಿಯವರು ನಮ್ಮ ಮಾತು ಕೇಳ್ತಾರಂತೆ. ನಮ್ಮ ಪರವಾಗಿ ಮಾತಾಡೋಕೆ ಒಬ್ಬರು ಓದಿದವರನ್ನ ತರಬಹುದಂತೆ. ನನ್ನ ದೊಡ್ಡ ಮಗಳು ಬರ್ತಾಳೆ, ಅವಳು ಇದನ್ನೇ ಓದಿರೋದು, ಅಂತ ಮೇಜಿನವರಿಗೆಲ್ಲ ಹೇಳಿಬಿಟ್ಟಿದೀನಿ. ಅವರಿಗೆ ಧೈರ್ಯ ಬಂದಿದೆ. ನೀನು ಬರಲೇಬೇಕು.

ನನಗೆ ಆ ಮೇಜು ಬೇಕು ಕಣೇ. ನೋವಿದ್ರೂ ಬೇಕು. ಕಣ್ಣು ಮುಚ್ಚಿಕೊಂಡು ಯಾವ ಬೀಗದ ಒಳಗೆ ಏನು ಕೆಟ್ಟಿದೆ ಅಂತ ಹೇಳೋಳು ಊರಲ್ಲಿ ನಾನೊಬ್ಬಳೇ. ಮನೇಲಿ ಕೂತರೆ ನಾನ್ಯಾರು?

ಈ ಗುಬ್ಬಿ ಯಾಕೋ ನಿಲ್ಲಿಸಿ ನಿಲ್ಲಿಸಿ ಬರೀತಿದಾಳೆ. ಸಾಹಿತ್ಯ ಓದಿದವಳಿಗೆ ಇಷ್ಟು ನಿಧಾನ ಆದ್ರೆ ಹೇಗೆ?

ಇತಿ
ನಿನ್ನ ಅಮ್ಮ
(ಬರೆದವಳು ಗುಬ್ಬಿ)


ಜೂನ್ ೧೫

ಗುಬ್ಬೀ,

ಯಾರೂ ಕದ್ದಿಲ್ಲ. ಸಹಿ ನನ್ನದಲ್ಲ, ಕರಡು ನನ್ನದು.

ಕಡತ ನೇರ ನನ್ನ ಮೇಜಿಗೇ ಬಂತು. ಇವರು ನಮ್ಮಮ್ಮ ಎಂದಿದ್ದರೆ ಬೇರೆಯವರಿಗೆ ಕೊಡುತ್ತಿದ್ದರು. ನಾನು ಹೇಳಲಿಲ್ಲ. ಮೊದಲು, ನಾನೇ ಬರೆದರೆ ಒಳ್ಳೆಯದಾಗುತ್ತದೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಬರೆದೆ. ಮೇಲಿನವರು ವಾಪಸು ಕಳಿಸಿದರು, ಬೇರೆ ಕಾರಣಗಳೂ ಇರಬೇಕಲ್ಲ, ಹುಡುಕಿ ಎಂದರು. ಎರಡು ಸಲ ಕಳಿಸಿದರು. ಮೂರನೆಯ ಸಲ ನಿನ್ನ ಪತ್ರ ಎದುರಿಗಿತ್ತು.

ನನ್ನನ್ನು ಬೈಯುವ ಮೊದಲು ಒಂದು ಕೇಳು. ಆ ಕೈ ಉಳಿಯಬೇಕಾದರೆ ಅಮ್ಮ ಆ ಮೇಜು ಬಿಡಬೇಕು. ಬಿಡು ಎಂದರೆ ಬಿಡುವವಳೇ ಅವಳು? ಅವರೇ ಬಿಡಿಸಿದರೆ ಬಿಡುತ್ತಾಳೆ. ಕಾಯಂ ಆದ ಕೂಡಲೇ ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಎರಡು ಕೋಣೆಯ ಮನೆ ನೋಡಿಟ್ಟಿದ್ದೇನೆ, ಅವಳ ಕೋಣೆಗೆ ಬೆಳಕು ಚೆನ್ನಾಗಿ ಬರುತ್ತದೆ. ನೀನೂ ಬಾ.

ಇಪ್ಪತ್ತಾರಕ್ಕೆ ಬರಲಾಗುವುದಿಲ್ಲ. ಕೆಲಸವಿದೆ ಎಂದು ಅಮ್ಮನಿಗೆ ಹೇಳು. ನಾನು ಬರೆದದ್ದೆಂದು ಹೇಳಬೇಡ. ಅವಳಿಗೆ ತಡೆದುಕೊಳ್ಳಲು ಆಗುವುದಿಲ್ಲ.

ಮಾರ್ಚ್ ತಿಂಗಳಲ್ಲಿ ನಾನು ಬರೆದ ಪತ್ರ ನಿನ್ನ ಹತ್ತಿರ ಇದೆಯಾ? ಹರಿದುಹಾಕು.

ಅಕ್ಕ


ಜೂನ್ ೨೧

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ದಿನದಲ್ಲಿ ಅದೆಷ್ಟು ಸಲ ಓದಿದೆನೋ. ಪ್ರತಿ ಸಲವೂ ಬೆಳಕು ಬರುವ ಕೋಣೆಯ ಹತ್ತಿರ ಬಂದಾಗ, ನಿನ್ನನ್ನು ಕ್ಷಮಿಸಿಬಿಡಬಹುದು ಅನ್ನಿಸುತ್ತದೆ. ಮುಂದಿನ ಸಾಲಿಗೆ ಹೋಗುವಾಗ ಉಳಿದ ಐವರು ನೆನಪಾಗುತ್ತಾರೆ. ಕನ್ನಡಕದ ಅತ್ತೆಯನ್ನು ಯಾವ ಕೋಣೆಗೆ ಕರೆದುಕೊಂಡು ಹೋಗುತ್ತೀಯ?

ನೀನು ಅಮ್ಮನ ಕೈ ಉಳಿಸಲು ಹೀಗೆ ಮಾಡಿದೆ ಎಂಬುದು ಸ್ವಲ್ಪ ನಿಜವಿರಬಹುದು. ಅದು ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆದರೆ ನನ್ನನ್ನು ಕೇಳಬೇಕಾಗಿತ್ತು. ಅಮ್ಮ ನಾಚಿಕೊಳ್ಳುತ್ತಾಳೆ, ಹೇಳಬೇಡ ಎಂದು ಬೇಡಿಕೊಂಡು ಬರೆದದ್ದನ್ನು ನೀನು ಅವಳ ಕಾರ್ಖಾನೆಗೇ ಹೇಳಿದೆ. ಈಗ ಅವಳು ಟೀವಿ ನೋಡುವಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ನಮ್ಮ ಮನೆಯ ಕಿಟಕಿಗೆ ಹಗಲೂ ಪರದೆ ಎಳೆದಿರುತ್ತದೆ. ಹೊರಗೆ ಯಾರೋ ಇದ್ದಾರೆ ಎಂದುಕೊಂಡಿದ್ದಾಳೆ. ಒಳಗೆ ಇದ್ದವಳು ನಾನು.

ನೀನು ಬರುವುದಿಲ್ಲ ಎಂದೆ. "ಪಾಪ, ರಜೆ ಕೊಟ್ಟಿರಲ್ಲ ಬಿಡು" ಎಂದಳು. ನೀನು ಬರ್ತೀಯಾ ಎಂದು ನನ್ನನ್ನು ಕೇಳಲೇ ಇಲ್ಲ. ಸಂದರ್ಶನದಲ್ಲಿ ನನ್ನ ಹೆಸರನ್ನೇ ಹೇಳಲಾಗದೆ ಎದ್ದು ಬಂದವಳು ನಾನು, ಅವಳಿಗೆ ಗೊತ್ತು.

ನಿನ್ನೆ ಕಾರ್ಖಾನೆಗೆ ಹೋಗಿದ್ದೆ. ಸೂಪರ್‌ವೈಸರ್ ಪಟ್ಟಿಯಿಂದ ತಲೆಯೆತ್ತದೆ "ಯಾರ ಪರವಾಗಿ?" ಎಂದರು. "ಆರೂ ಜನರ" ಎಂದೆ. "ಜೋರಾಗಿ ಹೇಳಮ್ಮ, ಇಲ್ಲಿ ಯಂತ್ರ ಓಡ್ತಿದೆ" ಎಂದರು. ಇನ್ನೊಂದು ಸಲ ಹೇಳಿದೆ. ಬರೆದುಕೊಂಡರು.

ನಿನ್ನ ಮಾರ್ಚ್ ತಿಂಗಳ ಪತ್ರವನ್ನು ಹರಿಯಲಿಲ್ಲ. ಇದರ ಜೊತೆಗೆ ವಾಪಸು ಕಳಿಸುತ್ತಿದ್ದೇನೆ. ಅದನ್ನು ಸಮಿತಿಯ ಮುಂದೆ ಇಟ್ಟರೆ ಎಲ್ಲವೂ ಅಲ್ಲಿಗೇ ಮುಗಿಯುತ್ತದೆ, ಗೊತ್ತು. ನೀನೂ ಮುಗಿಯುತ್ತೀಯ. ಆದರೆ ಅದು ನೀನು ನನ್ನೊಬ್ಬಳಿಗೆ ಬರೆದದ್ದು. ನನ್ನ ಪತ್ರಕ್ಕೆ ನೀನು ಮಾಡಿದ್ದನ್ನು ನಿನ್ನ ಪತ್ರಕ್ಕೆ ನಾನು ಮಾಡಲಾರೆ. ಅದನ್ನು ಅಲ್ಲಿ ಯಾರಾದರೂ ಓದಬೇಕಾದರೆ ನೀನೇ ಬಂದು ಓದಬೇಕು.

ನನ್ನ ಪತ್ರ ಮಾತ್ರ ನನ್ನದು. ಅದರ ಕರಡು ಪ್ರತಿ ಗ್ರಂಥಾಲಯದ ನನ್ನ ವಹಿಯಲ್ಲಿದೆ. ವರದಿಯಲ್ಲಿರುವ "ಮನೆಯವರು" ನಾನು ಎಂದು ಹೇಳಿ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಆಮೇಲೆ ಅಮ್ಮನ ಮುಂಗೈಯನ್ನು ಮೇಜಿನ ಮೇಲೆ ಇಡಿಸಿ, ಹಿಡಿಯುವವು ಯಾವುವು, ತಡೆದು ನಿಲ್ಲುವವು ಯಾವುವು, ಎಲ್ಲಿ ಅಂಟಿಕೊಂಡಿವೆ, ಯಾಕೆ ನೋಯುತ್ತವೆ ಎಂದು ಒಂದೊಂದಾಗಿ ತೋರಿಸುತ್ತೇನೆ. ಅಷ್ಟನ್ನು ನೀನು ಚೆನ್ನಾಗಿ ಕಲಿಸಿದ್ದೀಯ. ಗ್ರಂಥಾಲಯದ ದಪ್ಪ ಪುಸ್ತಕಗಳಲ್ಲೂ ಹಾಗೇ ಇದೆ, ನೋಡಿದೆ.

ಆ ಪತ್ರ ಯಾರಿಗೆ ಬರೆದದ್ದು ಎಂದು ಅವರು ಕೇಳಿಯೇ ಕೇಳುತ್ತಾರೆ. ಅಮ್ಮ ನನ್ನ ಪಕ್ಕದ ಕುರ್ಚಿಯಲ್ಲೇ ಇರುತ್ತಾಳೆ. ಅಷ್ಟು ಜನರ ಮುಂದೆ, ಬೇರೆಯವರ ಬಾಯಿಂದ, ಅವಳಿಗೆ ಅದು ತಿಳಿಯಬಾರದು.

ಹಿಂದಿನ ದಿನ, ಬುಧವಾರ, ಸಂಜೆ ಆರಕ್ಕೆ ಅವಳು ಮನೆಗೆ ಬರುತ್ತಾಳೆ. ಕೈಕಾಲು ತೊಳೆದು ಕೂತ ಮೇಲೆ ನಾನೇ ಹೇಳುತ್ತೇನೆ. ಅದಕ್ಕೆ ಮೊದಲು ನೀನು ಬಂದರೆ, ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ, ನೀನು ಹೇಳು.

ಗುಬ್ಬಿ